ಹಸಿರು ಪಟ್ಟಿಯ ಡ್ರಮ್ಮುಗಳು

ಅನುಮಾನಯ್ಯನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬಂದರಿನವರು ಅದನ್ನು ಎಂದೋ ಮರೆತಿದ್ದರು, ಅವನೂ ಹೆಚ್ಚುಕಡಿಮೆ ಮರೆತಿದ್ದ. ಹಡಗುಗಳಿಗೆ ಅಕ್ಕಿ, ಬೇಳೆ, ಆಲೂಗಡ್ಡೆ, ಈರುಳ್ಳಿ, ಕುಡಿಯುವ ನೀರು ಒದಗಿಸುವ ಅಂಗಡಿ ಅವನದು. ಹಾಲಿನವನು ಬಂದರೆ ಹಾಲಿಗೆ ಬೆರಳದ್ದಿ ನೋಡುವುದು, ಅಂಚೆಯವನು ಬಂದರೆ ಲಕೋಟೆಯನ್ನು ಬಿಸಿಲಿಗೆ ಹಿಡಿಯುವುದು, ಯಾರಾದರೂ ನಗುನಗುತ್ತಾ ನಮಸ್ಕಾರ ಹೇಳಿದರೆ ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದು ಅರ್ಧ ದಿನ ತಲೆ ಕೆಡಿಸಿಕೊಳ್ಳುವುದು, ಹೀಗೆ ನಡೆದಿತ್ತು ಅವನ ಸಂಸಾರ. ಮಗಳ ಮದುವೆಯ ದಿನ ಅಳಿಯನ ಗಲ್ಲ ಹಿಡಿದು "ಹಲ್ಲೆಲ್ಲಾ ನಿಂದೇ ತಾನೆ?" ಎಂದು ಕೇಳಿದ ಪುಣ್ಯಾತ್ಮ ಅವನು. ಅಳಿಯ ನಕ್ಕು, "ಬೇಕಾದ್ರೆ ಎಳೆದು ನೋಡಿ ಮಾವ" ಅಂದಿದ್ದ. ಅನುಮಾನಯ್ಯ ಒಂದು ಗಳಿಗೆ ಯೋಚನೆ ಮಾಡಿದ್ದನ್ನು ಇಡೀ ಮದುವೆಮನೆ ನೋಡಿತ್ತು.

ಆ ಅಳಿಯ ಇದ್ದ ಸರಕು ಹಡಗು ಈಗ ಎಲ್ಲೂ ಇಲ್ಲ.

ಇದೇ ಬಂದರಿನಿಂದ ಹೊರಟಿತ್ತು. ಕಪ್ತಾನನ ನಂತರದ ಅಧಿಕಾರಿ ಇವನ ಅಳಿಯ. ಹಡಗು ಆಚೆ ದಡ ಮುಟ್ಟಲಿಲ್ಲ. ಅಪಾಯದಲ್ಲಿದ್ದೇವೆ ಎಂಬ ಒಂದು ಮಾತು ರೇಡಿಯೋದಲ್ಲಿ ಬರಲಿಲ್ಲ. ನೀರಿನ ಮೇಲೆ ಎಣ್ಣೆಯ ಕಲೆಯಾಗಲಿ, ಒಂದು ಮರದ ಹಲಗೆಯಾಗಲಿ ಕಾಣಲಿಲ್ಲ. ಅಷ್ಟು ದೊಡ್ಡ ಕಬ್ಬಿಣದ ಹಡಗು ಸೂಜಿಯೇ, ಕಳೆದುಹೋಗಲು? ಬಂದರಿನ ಕ್ಷೌರದಂಗಡಿಯಲ್ಲಿ ಕೂತವರು ಆಗಲೇ ಉಪ್ಪು ಖಾರ ಹಚ್ಚಿ ಕತೆ ಕಟ್ಟಿದ್ದರು. ಹೊರಡುವ ಹಿಂದಿನ ದಿನ ಲಾರಿಯೊಂದು ಬಂದಿತ್ತಂತೆ. ಅದರಲ್ಲಿದ್ದ ಪೆಟ್ಟಿಗೆಗಳ ಮೇಲೆ ಒಂದಕ್ಷರ ಇರಲಿಲ್ಲವಂತೆ. ಬಂದರಿನ ಹಮಾಲರನ್ನು ಹತ್ತಿರ ಬಿಡದೆ ಲಾರಿಯವರೇ ಹೊತ್ತು ತುಂಬಿಸಿದರಂತೆ. ಕೆಲವರು ಚಿನ್ನ ಅಂದರು, ಕೆಲವರು ಬಂದೂಕು ಅಂದರು, ಕ್ಷೌರಿಕ ಮಾತ್ರ ಬಹಳ ತಿಳಿದವನಂತೆ ಕತ್ತರಿ ಆಡಿಸುತ್ತಾ, "ಮುಳುಗೂ ಇಲ್ಲ, ಏನೂ ಇಲ್ಲ. ಬೇರೆ ಬಣ್ಣ ಬಳಿದು, ಬೇರೆ ಹೆಸರು ಬರೆದು ಎಲ್ಲೋ ನಿಲ್ಲಿಸಿರ್ತಾರೆ. ಹಡಗಿನವರೆಲ್ಲ ಆರಾಮಾಗಿರ್ತಾರೆ, ಇಲ್ಲಿ ಹೆಂಡ್ತೀರು ಅಳ್ತಾ ಕೂತಿರಬೇಕು ಅಷ್ಟೆ" ಎಂದ. ಆಗ ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವನು ಅನುಮಾನಯ್ಯ. ಉಳಿದರ್ಧ ಬೇಡವೆಂದು ಎದ್ದು ಬಂದುಬಿಟ್ಟ.

ಮನೆಗೆ ಬಂದರೆ ಮಗಳು. ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಮನೆ. ಹೆಂಡತಿ ತೀರಿಕೊಂಡ ಮೇಲೆ ಅಪ್ಪ ಒಬ್ಬನೇ ಇದ್ದ. ಹಡಗಿನ ಸುದ್ದಿ ಬಂದ ದಿನ ಮಗಳು ಒಂದು ಚೀಲದೊಂದಿಗೆ ಬಂದಿದ್ದಳು. ಬೆಳಗಾದರೆ ಹಡಗು ಬಂದು ನಿಲ್ಲುವ ಧಕ್ಕೆಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ಅಲ್ಲಿ ಅವಳಿಗೆ ಜೊತೆ ಅದೇ ಹಡಗಿನ ಅಡುಗೆಯವನ ಹೆಂಡತಿ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಹುಡುಕಲು ಹೋದ ದೋಣಿಗಳು ಸಂಜೆ ಬರಿಗೈಯಲ್ಲಿ ಮರಳಿದರೆ ಒಬ್ಬಳು ಇನ್ನೊಬ್ಬಳ ಸೆರಗು ಸರಿಮಾಡಿ, "ನಾಳೆ ಬೇಗ ಬಾ" ಎಂದು ಹೇಳಿ ಬೇರೆಯಾಗುತ್ತಿದ್ದರು.

"ಒಂದು ತುತ್ತಾದ್ರೂ ತಿನ್ನಮ್ಮ" ಎಂದು ಅಪ್ಪ ಗೋಗರೆಯುತ್ತಿದ್ದ.

"ಅವರು ಏನು ತಿಂತಿದ್ದಾರೋ ಅಪ್ಪ" ಎನ್ನುತ್ತಿದ್ದಳು ಮಗಳು. ತಟ್ಟೆ ಹಾಗೇ ಉಳಿಯುತ್ತಿತ್ತು.

ಆ ಮಾತು ಕೇಳಿದಾಗಲೆಲ್ಲ ಅನುಮಾನಯ್ಯ ಕೆಳಗೆ ಅಂಗಡಿಗೆ ಇಳಿದುಬಿಡುತ್ತಿದ್ದ. ಯಾಕೆಂದರೆ ಅವನಿಗೆ ಒಂದು ವಿಷಯ ಗೊತ್ತಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಈ ವ್ಯಾಪಾರದಲ್ಲಿ ನೀರಿನ ಡ್ರಮ್ಮಿಗೆ ಒಂದು ರೀತಿ ಇದೆ. ಪ್ರತಿ ಹಡಗಿನ ಡ್ರಮ್ಮಿಗೂ ಒಂದೊಂದು ಬಣ್ಣದ ಪಟ್ಟಿ. ಅಳಿಯನ ಹಡಗಿನದು ಹಸಿರು. ಹಡಗು ಬಂದಾಗ ಅಂಗಡಿಯಿಂದ ತುಂಬಿದ ಡ್ರಮ್ಮು ಒಯ್ದು, ಖಾಲಿಯಾದದ್ದನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಮತ್ತೆ ಬರುವಷ್ಟರಲ್ಲಿ ಅಂಗಡಿಯವನು ಅವನ್ನು ತೊಳೆದು ಇಟ್ಟಿರಬೇಕು. ಹಾಗಾಗಿ ಯಾವ ಹಡಗಿನ ಖಾಲಿ ಡ್ರಮ್ಮು ಯಾರ ಹಿತ್ತಲಲ್ಲಿದೆ ಎಂದು ನೋಡಿದರೆ ಸಾಕು, ಆ ಹಡಗು ಯಾರ ನೀರು ಕುಡಿಯುತ್ತಿದೆ ಎಂದು ಬಂದರಿಗೆಲ್ಲ ತಿಳಿಯುತ್ತದೆ. ಕಾಣೆಯಾಗುವ ಮುಂಚೆ ಕೊನೆಯ ಸಲ ಅಳಿಯ ಬಂದಾಗ ಖಾಲಿ ಡ್ರಮ್ಮು ಇಳಿಸಿದ್ದು ಅರ್ಧಕ್ಕೆ ಅರ್ಧ. ನೀರು, ಅಕ್ಕಿ, ಬೇಳೆ, ಆಲೂಗಡ್ಡೆ ಒಯ್ದದ್ದೂ ಅಷ್ಟೇ.

"ಉಳಿದ ಡ್ರಮ್ಮೆಲ್ಲಿ?" ಎಂದು ಅನುಮಾನಯ್ಯ ಕೇಳಿದ್ದ.

"ಹಡಗಲ್ಲೇ ಇದೆ ಮಾವ. ಈ ಸಲ ಅರ್ಧ ಸಾಕು."

"ಯಾಕೆ, ಅರ್ಧ ದಾರೀಲಿ ಇಳಿದುಬಿಡ್ತೀರಾ?"

ಅಳಿಯ ನಗಲಿಲ್ಲ. ಬೇರೆ ಕಡೆ ನೋಡಿದ. ಅವನ ಹಿಂದೆ ನಿಂತಿದ್ದ ಅಡುಗೆಯವನು ಮೂಟೆಯಿಂದ ಒಂದು ಆಲೂಗಡ್ಡೆ ತೆಗೆದು, ಮೂಸಿ, ಮುಖ ಸಿಂಡರಿಸಿ ಮತ್ತೆ ಒಳಗೆ ಹಾಕಿದ. ಕಣ್ಣು ತಪ್ಪಿಸುವವನು ಸುಳ್ಳು ಹೇಳುತ್ತಾನೆ ಎಂದು ತಿಳಿಯಲು ಅನುಮಾನಯ್ಯನೇ ಆಗಬೇಕಿಲ್ಲ. ಅವತ್ತು ಅವನ ಅನುಮಾನ ಹೋದದ್ದು ಎದುರು ಬದಿಯ ಅಂಗಡಿಯ ಕಡೆಗೆ. ಅದು ಅವನ ಷಡ್ಡಕನದು, ಎಂದರೆ ಹೆಂಡತಿಯ ತಂಗಿಯ ಗಂಡನದು. ಮೊದಲು ಇಬ್ಬರೂ ಒಂದೇ ಅಂಗಡಿ ನಡೆಸುತ್ತಿದ್ದರು. ನೀನು ತೂಕದಲ್ಲಿ ಹೊಡೆಯುತ್ತೀಯ ಎಂದು ಇವನು, ನೀವು ಮಾಲಿನಲ್ಲಿ ಹೊಡೆಯುತ್ತೀರಿ ಎಂದು ಅವನು ಜಗಳವಾಡಿ ಬೇರೆಯಾಗಿದ್ದರು. ಆಮೇಲೆ ಮಾತಿಲ್ಲ ಕತೆಯಿಲ್ಲ. ಅಳಿಯ ಅಲ್ಲಿಗೆ ಹೋಗುತ್ತಿದ್ದಾನೋ ಏನೋ ಎಂದು ಅನುಮಾನಯ್ಯ ಎರಡು ದಿನ ಮುಖ ಊದಿಸಿಕೊಂಡಿದ್ದ. ಹಡಗು ಕಾಣೆಯಾಯಿತು ನೋಡಿ, ಆ ಸಣ್ಣ ಅನುಮಾನ ಎಲ್ಲೋ ಹೋಗಿ ದೊಡ್ಡದೊಂದು ಬಂದು ಕೂತಿತು. ದೂರದ ಪಯಣಕ್ಕೆ ಹೊರಟವರು ಅರ್ಧ ನೀರು ಯಾಕೆ ಒಯ್ಯುತ್ತಾರೆ? ದೂರ ಹೋಗುವ ಮನಸ್ಸೇ ಇರಲಿಲ್ಲ, ಅದಕ್ಕೆ.

ತನಿಖೆಗೆ ಬಂದ ಅಧಿಕಾರಿ ಒಬ್ಬ ಹೆಂಗಸು. ಬಂದರು ಕಚೇರಿಯ ಕೊನೆಯ ಕೋಣೆಯಲ್ಲಿ ಕೂರುತ್ತಿದ್ದಳು. ಅಲ್ಲಿ ಫ್ಯಾನು ತಿರುಗಿದರೆ ಗೋಡೆಯ ಮೇಲಿನ ಸಮುದ್ರದ ನಕ್ಷೆ ಪಟಪಟ ಬಡಿದುಕೊಳ್ಳುತ್ತಿತ್ತು. ಆಕೆ ಗದರುವವಳಲ್ಲ. ಚಹಾ ತರಿಸಿ, "ಕುಡೀರಿ ಯಜಮಾನ್ರೇ" ಎಂದಳು. ಅನುಮಾನಯ್ಯ ಚಹಾ ಮುಟ್ಟಲಿಲ್ಲ.

"ಒಂದೇ ಪ್ರಶ್ನೆ. ಆ ಹಡಗಿಗೆ ಸಾಮಾನು ಹಾಕಿದ್ದು ನೀವು. ಪೂರ್ತಿ ಪ್ರಯಾಣಕ್ಕೆ ಆಗೋಷ್ಟು ಒಯ್ದಿದ್ರಾ?"

"ಯಾಕೆ ಮೇಡಂ ಕೇಳ್ತೀರಿ?"

"ಮುಳುಗಿದ್ರೆ ಸಮುದ್ರದಲ್ಲಿ ಹುಡುಕಬೇಕು. ಬಚ್ಚಿಟ್ಟಿದ್ರೆ ಬಂದರುಗಳಲ್ಲಿ ಹುಡುಕಬೇಕು. ನನ್ನ ಹತ್ರ ಇರೋ ದೋಣಿ ಕಡಿಮೆ. ಎರಡೂ ಕಡೆ ಕಳಿಸೋಕಾಗಲ್ಲ."

ಬಾಯಿ ಮುಚ್ಚಿಕೊಂಡು ಎದ್ದು ಬರಬಹುದಿತ್ತು. ನೆನಪಿಲ್ಲ ಎನ್ನಬಹುದಿತ್ತು. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣ ಮುಂದೆ ಬಂದದ್ದು ಬೇರೆ: ಯಾವುದೋ ಊರು, ಯಾವುದೋ ಜಗಲಿ, ಅಲ್ಲಿ ಕಾಲು ಚಾಚಿ ಕೂತು ಹಲ್ಲು ಕಿರಿಯುತ್ತಿರುವ ಅಳಿಯ. ಇಲ್ಲಿ ನನ್ನ ಮಗಳು ಅನ್ನ ನೀರು ಬಿಟ್ಟು ಒಣಗುತ್ತಿದ್ದಾಳೆ, ಅಲ್ಲಿ ಇವನು ಮಜಾ ಮಾಡುತ್ತಿದ್ದಾನೆ. ಅನುಮಾನಯ್ಯನ ಮೈಯೆಲ್ಲ ಉರಿದುಹೋಯಿತು.

"ಅರ್ಧ" ಎಂದ. "ಬರೀ ಅರ್ಧ ಒಯ್ದ್ರು. ಯಾಕೆ ಅಂತ ಕೇಳಿದ್ರೆ ಮುಖ ಕೊಟ್ಟು ಮಾತಾಡಲಿಲ್ಲ."

ಅಧಿಕಾರಿ ಅದನ್ನು ಬರೆದುಕೊಂಡು, "ಇದನ್ನ ಮೊದಲೇ ಹೇಳಬೇಕಿತ್ತು" ಎಂದಳು. ಅವತ್ತೇ ಸಂಜೆ ಹುಡುಕುವ ದೋಣಿಗಳನ್ನು ವಾಪಸು ಕರೆಸಲಾಯಿತು.

ಮಗಳು ಮೆಟ್ಟಿಲು ಹತ್ತಲಾರದೆ ಹತ್ತಿ ಬಂದಳು. ಅಪ್ಪ ಎಂದಿನಂತೆ ಆಲೂಗಡ್ಡೆ ರಾಶಿಯ ಮುಂದೆ ಕೂತು, ಮೊಳಕೆ ಬಂದದ್ದನ್ನೆಲ್ಲ ಆರಿಸಿ, ಮೊಳಕೆ ಮುರಿದು, ಬಟ್ಟೆಯಲ್ಲಿ ಒರೆಸಿ, ಮೂಟೆಯ ತಳಕ್ಕೆ ಹಾಕುತ್ತಿದ್ದ. ಇದು ಅವನ ನಿತ್ಯದ ಕೆಲಸ. ಮೇಲೆ ಒಳ್ಳೆಯದು, ಕೆಳಗೆ ಇದು. ಸಮುದ್ರದ ಮಧ್ಯೆ ಮೂಟೆಯ ತಳ ನೋಡಿ ಜಗಳಕ್ಕೆ ಯಾರು ಬರುತ್ತಾರೆ ಎಂಬುದು ಅವನ ಲೆಕ್ಕಾಚಾರ.

"ದೋಣಿ ನಿಲ್ಲಿಸಿಬಿಟ್ರು ಅಪ್ಪ. ಯಾರೋ ಏನೋ ಹೇಳಿದ್ರಂತೆ. ಅವರೆಲ್ಲ ಕಳ್ಳರಂತೆ, ಎಲ್ಲೋ ಬಚ್ಚಿಟ್ಟುಕೊಂಡಿದ್ದಾರಂತೆ. ಹಾಗೆ ಹೇಳಿದ ಬಾಯಿಗೆ ಹುಳ ಬೀಳ!"

ಅಪ್ಪನ ಕೈಯಲ್ಲಿದ್ದ ಆಲೂಗಡ್ಡೆ ಜಾರಿ ಕೋಣೆಯ ಮೂಲೆಯವರೆಗೆ ಉರುಳಿತು. "ಒಳ್ಳೇದಕ್ಕೇ ಅಂದ್ಕೋಮ್ಮ" ಎಂದ. "ಕಳ್ಳನಾದ್ರೂ ಬದುಕಿದ್ದಾನೆ ಅಂತಾಯ್ತಲ್ಲ."

ಮಗಳು ಅವನನ್ನು ದಿಟ್ಟಿಸಿ ನೋಡಿದಳು. "ಅವರು ನನ್ನನ್ನ ಬಿಟ್ಟು ಬಚ್ಚಿಟ್ಟುಕೊಳ್ಳೋರಲ್ಲ ಅಪ್ಪ. ನೀರಲ್ಲಿದ್ದಾರೆ. ಕಾಯ್ತಿದ್ದಾರೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇನ್ನು ಅನುಮಾನಯ್ಯನಿಗೆ ಒಂದೇ ದಾರಿ. ತಾನು ಹೇಳಿದ್ದು ನಿಜ ಎಂದು ತೋರಿಸಬೇಕು. ಅಳಿಯ ಬದುಕಿದ್ದಾನೆ, ಕಳ್ಳ, ಇಂಥ ಕಡೆ ಇದ್ದಾನೆ ಎಂದು ಹಿಡಿದು ತಂದು ಮಗಳ ಮುಂದೆ ನಿಲ್ಲಿಸಬೇಕು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಂದರನ್ನೆಲ್ಲ ಜಾಲಾಡಿದ. ಲಾರಿಯವರನ್ನು ಮಾತಿಗೆಳೆದ. ಹಮಾಲರ ಹಿಂದೆ ಸುತ್ತಿದ. ಹೊಸ ಚಪ್ಪಲಿ ಹಾಕಿಕೊಂಡವರನ್ನೆಲ್ಲ ಚಿನ್ನದ ಪಾಲು ಸಿಕ್ಕವರೆಂದು ಬಗೆದ. ಎಲ್ಲೂ ಏನೂ ಗಿಟ್ಟಲಿಲ್ಲ. ಒಂದು ಮಾತ್ರ ಕಣ್ಣಿಗೆ ಬಿತ್ತು. ಷಡ್ಡಕ ಮೊದಲಿನಂತಿಲ್ಲ. ಬಾಗಿಲಲ್ಲಿ ನಿಂತು ಬಂದರಿಗೇ ಕೇಳುವಂತೆ ಹರಟುತ್ತಿದ್ದವನು ಈಗ ಅಂಗಡಿಯ ಷಟರನ್ನು ಅರ್ಧ ಎಳೆದು ಒಳಗೇ ಇರುತ್ತಾನೆ. ಮಗಳು ಧಕ್ಕೆಗೆ ಹೋಗುವಾಗ ಇಣುಕಿ ನೋಡಿ, ಅವಳು ಇತ್ತ ತಿರುಗಿದರೆ ತಲೆ ಒಳಗೆಳೆದುಕೊಳ್ಳುತ್ತಾನೆ. ಹಿತ್ತಲಲ್ಲಿ ಏನನ್ನೋ ಟಾರ್ಪಾಲಿನಿಂದ ಮುಚ್ಚಿ, ಗಾಳಿಗೆ ಹಾರದ ಹಾಗೆ ಸುತ್ತಲೂ ಇಟ್ಟಿಗೆ ಹೇರಿದ್ದಾನೆ.

ಅನುಮಾನಯ್ಯನ ಕಿವಿ ನೆಟ್ಟಗಾಯಿತು. ಮಧ್ಯಾಹ್ನ ಷಡ್ಡಕ ಊಟಕ್ಕೆ ಕೂರುವ ಹೊತ್ತು ನೋಡಿ, ಹಿಂದಿನ ಓಣಿಗೆ ಹೋಗಿ, ಒಂದು ಖಾಲಿ ಪೆಟ್ಟಿಗೆ ಹಾಕಿಕೊಂಡು ಗೋಡೆ ಹತ್ತಿದ. ಆ ವಯಸ್ಸಿಗೆ ಅದು ಸುಲಭವಲ್ಲ. ಧೋತ್ರ ಒಂದು ಕಡೆ ಸಿಕ್ಕಿಕೊಂಡಿತು, ಅವನು ಇನ್ನೊಂದು ಕಡೆ ಬಿದ್ದ. ಎದ್ದು ಟಾರ್ಪಾಲು ಎತ್ತಿದ.

ಹಸಿರು ಪಟ್ಟಿಯ ಡ್ರಮ್ಮುಗಳು! ಸಾಲಾಗಿ, ಖಾಲಿ.

"ಸಿಕ್ಕಿಬಿದ್ದೆಯಾ ಕಳ್ಳ!" ಎಂದು ಅಬ್ಬರಿಸಿದ. ಷಡ್ಡಕ ಎಂಜಲು ಕೈಯಲ್ಲೇ ಓಡಿಬಂದ. "ಹಡಗು ಇಲ್ಲೇ ಎಲ್ಲೋ ಬಂದು ಹೋಗಿದೆ! ಇದನ್ನ ಇಳಿಸಿ ಹೋಗಿದೆ! ಎಲ್ಲಿಟ್ಟಿದ್ದೀರೋ ನನ್ನ ಅಳಿಯನನ್ನ?"

"ಮೆಲ್ಲಗೆ ಭಾವ, ಮೆಲ್ಲಗೆ…"

"ಯಾಕೆ ಮೆಲ್ಲಗೆ? ಊರೇ ಕೇಳಲಿ!"

ಷಡ್ಡಕ ಸಣ್ಣ ಆಳು, ಯಾವಾಗಲೂ ಬಾಯಿಜೋರು. ಇವತ್ತು ಮಾತ್ರ ಅಲ್ಲೇ ಒಂದು ಡ್ರಮ್ಮಿನ ಮೇಲೆ ಕುಸಿದು ಕೂತ. "ಹಡಗು ಬಂದಿಲ್ಲ ಭಾವ. ಇವು ಹೊರಡೋ ಮುಂಚೆ ಇಳಿಸಿದ್ದು. ನಿಮ್ಮಲ್ಲಿ ಅರ್ಧ, ನನ್ನಲ್ಲಿ ಅರ್ಧ. ನೀರು, ಅಕ್ಕಿ, ಬೇಳೆ ಎಲ್ಲ. ನೀರು ನನ್ನ ಡ್ರಮ್ಮುಗಳಲ್ಲೇ ಕೊಟ್ಟು ಕಳಿಸಿದೆ."

"ಸುಳ್ಳು."

"ನಿಮ್ಮ ಮಗಳಾಣೆ. ನಾನು ಎತ್ತಿ ಆಡಿಸಿದ ಮಗು ಅದು."

ನಂಬಬಾರದು ಎಂದು ಅನುಮಾನಯ್ಯನ ಮನಸ್ಸು ಹೇಳುತ್ತಿತ್ತು, ಕಣ್ಣು ಮಾತ್ರ ಡ್ರಮ್ಮುಗಳ ಮೇಲೆಯೇ ಇತ್ತು. ಖಾಲಿ ಡ್ರಮ್ಮು ಯಾರ ಹಿತ್ತಲಲ್ಲಿದೆಯೋ ನೀರು ಅವರದು. ಇದಕ್ಕಿಂತ ದೊಡ್ಡ ಸಾಕ್ಷಿ ಈ ಬಂದರಿನಲ್ಲಿ ಇನ್ನೊಂದಿಲ್ಲ.

"ಯಾಕೆ?" ಎಂದ. "ನನ್ನಲ್ಲಿ ಏನು ಕಡಿಮೆಯಾಗಿತ್ತು?"

ಷಡ್ಡಕ ನೆಲ ನೋಡುತ್ತಾ ಹೇಳಿದ. "ಹಡಗಿನವರು ಗಲಾಟೆ ಮಾಡಿದ್ರು ಭಾವ. ಮೂಟೆ ತಳದಲ್ಲೆಲ್ಲ ಕೊಳೆತ ಆಲೂಗಡ್ಡೆ, ಅಕ್ಕೀಲಿ ಹುಳ, ಡ್ರಮ್ಮಲ್ಲಿ ಪಾಚಿ ವಾಸನೆ. ಮುಂದೆ ನಿಮ್ಮ ಮಾವನ ಸಾಮಾನು ತಂದ್ರೆ ಒಲೆ ಹಚ್ಚಲ್ಲ ಅಂತ ಅಡುಗೆಯವನು ಪಟ್ಟು ಹಿಡಿದನಂತೆ. ನಿಮ್ಮಳಿಯ ನನ್ನ ಹತ್ರ ಬಂದು, ಪೂರ್ತಿ ಬಿಟ್ರೆ ಮಾವನಿಗೆ ಅವಮಾನ ಆಗುತ್ತೆ, ಅರ್ಧ ಅಲ್ಲಿ ತಗೋತೀನಿ, ಅರ್ಧ ನೀವು ಕೊಡಿ, ಮಾವನಿಗೆ ಮಾತ್ರ ಹೇಳಬೇಡಿ ಅಂತ ಕೈಮುಗಿದ. ಆಮೇಲೆ ಹಡಗು ಹೋಯ್ತು, ಕಳ್ಳಸಾಗಣೆ ಅಂದ್ರು, ಆ ಹಡಗಿನ ಜೊತೆ ವ್ಯವಹಾರ ಮಾಡಿದೋರನ್ನೆಲ್ಲ ಕರೆಸ್ತಾರೆ ಅಂದ್ರು. ಹೆದರಿ ಮುಚ್ಚಿಟ್ಟೆ."

ಅಳಿಯ ಎದುರು ಅಂಗಡಿಗೆ ಹೋಗುತ್ತಾನೆ ಎಂಬ ಮೊದಲ ಅನುಮಾನವೇ ನಿಜವಾಗಿತ್ತು. ಜೀವನವಿಡೀ ಊರನ್ನೆಲ್ಲ ಅನುಮಾನಿಸಿದ ಮನುಷ್ಯ, ಒಂದೇ ಒಂದು ಸಲ ಸರಿಯಾಗಿ ಅನುಮಾನಿಸಿ ಅದನ್ನು ಬಿಟ್ಟುಕೊಟ್ಟಿದ್ದ. ಅನುಮಾನಿಸದೆ ಉಳಿದದ್ದು ತನ್ನ ಆಲೂಗಡ್ಡೆ ಮೂಟೆ ಒಂದನ್ನೇ. ಅಳಿಯ ಕಣ್ಣು ತಪ್ಪಿಸಿದ್ದು ಕಳ್ಳತನಕ್ಕಲ್ಲ, ನಾಚಿಕೆಗೆ. ಅದೂ ತನ್ನ ನಾಚಿಕೆಯಲ್ಲ, ಮಾವನದು. ಹಡಗಿನಲ್ಲಿ ಪೂರ್ತಿ ನೀರಿತ್ತು. ಪೂರ್ತಿ ದೂರ ಹೋಗಲೆಂದೇ ಹೊರಟಿದ್ದರು. ಹಾಗಾದರೆ ಅವರು ಬಚ್ಚಿಟ್ಟುಕೊಂಡಿಲ್ಲ. ಹಾಗಾದರೆ ನೀರಲ್ಲಿದ್ದಾರೆ. ದೋಣಿಗಳು ಇಲ್ಲಿ ದಡದಲ್ಲಿ ಸುಮ್ಮನೆ ನಿಂತಿವೆ.

"ಕೈ ತೊಳ್ಕೋ" ಎಂದ ಅನುಮಾನಯ್ಯ. "ನಡಿ."

ಹರಿದ ಧೋತ್ರದಲ್ಲೇ ಬಂದರು ಕಚೇರಿಗೆ ನುಗ್ಗಿದ. ಕೊನೆಯ ಕೋಣೆಯಲ್ಲಿ ಮಗಳಿದ್ದಳು. ದೋಣಿ ನಿಂತ ದಿನದಿಂದ ಅವಳು ಅಲ್ಲಿ ಬೆಂಚಿನ ಮೇಲೆ ಕೂತೇ ಇರುತ್ತಾಳೆ ಎಂಬುದು ಅವನಿಗೆ ಆ ಆತುರದಲ್ಲಿ ಮರೆತಿತ್ತು. ಜೊತೆಗೆ ಅಡುಗೆಯವನ ಹೆಂಡತಿ. ಬಾಗಿಲಲ್ಲಿ ಅವನ ಕಾಲು ನಿಂತಿತು. ಮಗಳನ್ನು ಹೊರಗೆ ಕಳಿಸಿ ಹೇಳಬಹುದಿತ್ತು. ಮೇಡಂ, ಸ್ವಲ್ಪ ಒಂಟಿಯಾಗಿ ಮಾತಾಡಬೇಕು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ನಾನು ಹೇಳಿದ್ದು ತಪ್ಪು ಮೇಡಂ" ಎಂದ. "ಹಡಗಲ್ಲಿ ಪೂರ್ತಿ ಸಾಮಾನಿತ್ತು. ಅರ್ಧ ನನ್ನದು, ಅರ್ಧ ಇವನದು. ಡ್ರಮ್ಮು ಇವನ ಹಿತ್ತಲಲ್ಲಿದೆ, ಬಂದು ನೋಡಿ. ನನ್ನ ಸಾಮಾನು ಕೆಟ್ಟದು ಅಂತ ಬಿಟ್ಟಿದ್ರು. ಕೊಳೆತದ್ದನ್ನ ಒರೆಸಿ ತಳಕ್ಕೆ ಹಾಕ್ತಿದ್ದೆ. ಪ್ರತಿ ಹಡಗಿಗೂ ಹಾಕ್ತಿದ್ದೆ. ಬೇಕಾದ್ರೆ ನನ್ನ ಅಂಗಡಿಗೆ ಬೀಗ ಹಾಕಿ. ದೋಣಿ ಕಳಿಸಿ ತಾಯಿ. ಮೊದಲು ದೋಣಿ ಕಳಿಸಿ."

ಷಡ್ಡಕ ತಲೆಯಾಡಿಸಿದ. ಅಧಿಕಾರಿ ಆಗಲೇ ಫೋನು ಎತ್ತಿಕೊಂಡಿದ್ದಳು. ಅನುಮಾನಯ್ಯ ಮಗಳ ಕಡೆ ನೋಡಲಾರದೆ ನಕ್ಷೆಯನ್ನೇ ನೋಡುತ್ತಾ ನಿಂತ. ನಾನು ಶಾಪ ಹಾಕಿದ ಬಾಯಿ ನಿಂದೇನಾ ಎಂದು ಕೇಳುತ್ತಾಳೆ, ಕೇಳಲಿ, ಎರಡು ಬಾರಿಸಲಿ ಎಂದುಕೊಂಡ.

"ಪೂರ್ತಿ ನೀರಿತ್ತಾ ಅಪ್ಪ?" ಎಂದಳು ಮಗಳು. ಬೆಂಚಿನಿಂದ ಎದ್ದು ನಿಂತಿದ್ದಳು. "ನಿಜವಾಗ್ಲೂ? ಪೂರ್ತಿ ಇತ್ತಾ?"

"ಇತ್ತಮ್ಮ."

"ಹಾಗಾದ್ರೆ ಇನ್ನೂ ಇರ್ತಾರೆ" ಎಂದು ಅಡುಗೆಯವನ ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು. ಅಪ್ಪನನ್ನು ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ದೋಣಿಗಳು ಹೋದವು. ಮರುದಿನ ಸಿಗಲಿಲ್ಲ. ಅದರ ಮರುದಿನ ಬಿಸಿಲೇರುವ ಹೊತ್ತಿಗೆ ಸುದ್ದಿ ಬಂತು, ತೆಪ್ಪ ಸಿಕ್ಕಿದೆ, ಜನ ಇದ್ದಾರೆ. ಬಂದರಿಗೆ ಬಂದರೇ ಧಕ್ಕೆಗೆ ಓಡಿತು. ಕ್ಷೌರಿಕ ಕತ್ತರಿ ಹಿಡಿದೇ ಬಂದಿದ್ದ. ದೋಣಿ ಹತ್ತಿರವಾಗುತ್ತಿದ್ದಂತೆ ಮಗಳು ಕಾಲ್ಬೆರಳ ಮೇಲೆ ನಿಂತಳು. ಆಮೇಲೆ ಅವಳು ಕೂಗಿದ ಕೂಗಿಗೆ ಅನುಮಾನಯ್ಯನ ಕಣ್ಣಿಂದ ದಳದಳ ನೀರು ಇಳಿಯಿತು.

ಅಳಿಯನನ್ನು ಇಬ್ಬರು ಹಿಡಿದು ಇಳಿಸಿದರು. ತುಟಿ ಬಿರಿದಿತ್ತು, ಮುಖ ಸುಟ್ಟಿತ್ತು. ಅಧಿಕಾರಿ ಬಗ್ಗಿ ಮೆಲ್ಲಗೆ ಕೇಳಿದ್ದಕ್ಕೆ ತುಂಡು ತುಂಡಾಗಿ ಹೇಳಿದ: ಗಾಳಿಗೆ ಆ ಪೆಟ್ಟಿಗೆಗಳು ಒಂದೇ ಬದಿಗೆ ಜಾರಿದವು, ಹಡಗು ಮಗ್ಗುಲಾಯಿತು, ರೇಡಿಯೋ ಮುಟ್ಟಲೂ ಹೊತ್ತಿರಲಿಲ್ಲ. ಸಿಕ್ಕಿದ ಡ್ರಮ್ಮುಗಳನ್ನು ತೆಪ್ಪಕ್ಕೆ ಬಿಗಿದುಕೊಂಡರು. "ಪೆಟ್ಟಿಗೇಲಿ ಏನಿತ್ತು?" ಎಂದಳು ಆಕೆ. "ಯಾರು ತೆಗೆದು ನೋಡಿದ್ರು ಮೇಡಂ, ನಮಗೆ ಮುಟ್ಟೋಕೇ ಬಿಡಲಿಲ್ಲ" ಎಂದ. ಅದರಲ್ಲಿ ಏನಿತ್ತೋ, ಯಾರದೋ, ಇವತ್ತಿಗೂ ಗೊತ್ತಾಗಿಲ್ಲ. ಸಮುದ್ರದ ತಳಕ್ಕೆ ಹೋಗಿ ನೋಡಿ ಬಂದವರಿಲ್ಲ.

ಆಮೇಲೆ ಅಳಿಯ ಮಾವನನ್ನು ಕಂಡ. ಬಿರಿದ ತುಟಿಯಲ್ಲೇ ನಕ್ಕ.

"ಇವರಿಗೆಲ್ಲ ಹೇಳ್ತಾನೇ ಇದ್ದೆ ಮಾವ. ಊರೆಲ್ಲ ನಾವು ಸತ್ವಿ ಅಂದ್ರೂ ನಮ್ಮ ಮಾವ ನಂಬಲ್ಲ. ಯಾರು ಏನೇ ಹೇಳಲಿ, ಅವರು ನಂಬೋರಲ್ಲ. ದೋಣಿ ನಿಲ್ಲಿಸೋಕೆ ಬಿಡಲ್ಲ ಅಂತ."

ಮಗಳು ಗಂಡನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಪ್ಪನ ಮುಖ ಒಮ್ಮೆ ನೋಡಿ, "ಹೂಂ, ಅಪ್ಪನೇ ಹೋಗಿ ಹೇಳಿ ದೋಣಿ ಕಳಿಸಿದ್ದು" ಎಂದಳು. ಅದು ಸುಳ್ಳಲ್ಲ. ಆದರೆ ಅರ್ಧ.

"ಅಡುಗೆಯವನೆಲ್ಲಿ?" ಎಂದು ಅನುಮಾನಯ್ಯ ಬಗ್ಗಿ, ಅಳಿಯನಿಗೆ ಮಾತ್ರ ಕೇಳುವಂತೆ ಕೇಳಿದ.

ಅಳಿಯ ಕಣ್ಣು ಮುಚ್ಚಿಕೊಂಡ. "ಮೊನ್ನೆ ನೀರು ಮುಗೀತು ಮಾವ. ನಿನ್ನೆ ಬೆಳಗಿನವರೆಗೂ ಇದ್ದ."

ಅಡುಗೆಯವನ ಹೆಂಡತಿ ಧಕ್ಕೆಯ ತುದಿಯಲ್ಲೇ ನಿಂತಿದ್ದಳು. ಇಳಿದವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ, ಖಾಲಿಯಾದ ದೋಣಿಯೊಳಗೂ ನೋಡಿ, ಮತ್ತೆ ಸಮುದ್ರದ ಕಡೆ ತಿರುಗಿದ್ದಳು. ಅವಳ ಹತ್ತಿರ ಹೋಗಿ ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ. ಅನುಮಾನಯ್ಯ ಹೋದ.

"ಸಾಹುಕಾರ್ರೇ" ಎಂದಳು ಅವಳು, ಅವನನ್ನು ಕಂಡು ಮುಖ ಅರಳಿಸಿ. "ನಿಮ್ಮಿಂದ ದೋಣಿ ಹೋಯ್ತು. ನಿಮ್ಮ ಹೊಟ್ಟೆ ತಣ್ಣಗಿರಲಿ. ನಮ್ಮೋರು ಹಿಂದಿನ ದೋಣೀಲಿ ಬರ್ತಿದ್ದಾರೆ, ಅಲ್ವಾ?"

ಜೀವಮಾನದಲ್ಲಿ ಯಾರ ಮಾತನ್ನೂ ನಂಬದವನ ಮುಖವನ್ನು ಅವಳು ಪೂರ್ತಿ ನಂಬಿ ನೋಡುತ್ತಿದ್ದಳು. ಕಚೇರಿಯಲ್ಲಿ ಅವನು ಹೇಳಿದ್ದರಲ್ಲಿ ಪೂರ್ತಿ ನೀರಿತ್ತು ಎಂಬುದೊಂದೇ ಅವಳ ಕಿವಿಗೆ ಬಿದ್ದಿತ್ತು. ದೋಣಿ ನಿಲ್ಲಿಸಿದ ಬಾಯಿ ಯಾರದು ಎಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಅದನ್ನು ಅವಳಿಗೆ ಹೇಳದಿದ್ದರೂ ನಡೆಯುತ್ತಿತ್ತು. ಮಗಳು ಹೇಳುವವಳಲ್ಲ, ಷಡ್ಡಕ ಹೇಳುವವನಲ್ಲ.

ಅನುಮಾನಯ್ಯ ಹೆಗಲ ಮೇಲಿನ ಟವೆಲು ತೆಗೆದು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಹಾಸಿದ.

"ಕೂತ್ಕೋ ತಾಯಿ" ಎಂದ. "ನಿನಗೆ ಎರಡು ಮಾತು ಹೇಳೋದಿದೆ. ಎರಡನ್ನೂ ಕೇಳಿದ ಮೇಲೆ ನನ್ನನ್ನ ಏನು ಬೇಕಾದ್ರೂ ಮಾಡು."